ಕಿರಿಯ ಮಕ್ಕಳ ಅಂತರಜಾಲ ಬಳಕೆಯ ಸಾಮರ್ಥ್ಯ: ಕುಂಚಾವರಂ ಸೀಮೆಯ ನೆಲೆಯಿಂದ

ಸುಮಾರು 6ರಿಂದ 11 ವರ್ಷದ ಮಕ್ಕಳು ತಮಗೆ ಬೇಕಾದುದನ್ನು ಅಂತರಜಾಲದಲ್ಲಿ ಕೇಳಿ, ಹುಡುಕಿ, ಓದಿ, ನಂಬಬಹುದೇ ಎಂದು ತೂಗಿ ನೋಡಿ, ಆಮೇಲೆ ತಮ್ಮ ಕೆಲಸಕ್ಕೆ ಬಳಸಿಕೊಳ್ಳುವ ಶಕ್ತಿಯನ್ನು ಈ ಲೇಖನದಲ್ಲಿ ಸಾಮರ್ಥ್ಯವೆಂದು ಕರೆದಿದೆ. ಫೋನಿನ ಲಾಕ್ ತೆಗೆಯುವುದು, ವಿಡಿಯೊ ಹಚ್ಚುವುದು, ಆಟ ಇಳಿಸಿಕೊಳ್ಳುವುದು ಮಕ್ಕಳಿಗೆ ಬೇಗ ಬರುತ್ತವೆ. ಮೂರು ವರ್ಷದ ಕೂಸೂ ಬೆರಳು ಸರಿಸಿ ತನ್ನ ಹಾಡನ್ನು ಹುಡುಕಿಕೊಳ್ಳುತ್ತದೆ. ಅದನ್ನು ನೋಡಿ 'ನಮ್ಮ ಹುಡುಗನಿಗೆ ಮೊಬೈಲಿನಲ್ಲಿ ಎಲ್ಲಾ ಬರತದ' ಎಂದು ಮನೆಯವರು ಹಿಗ್ಗುತ್ತಾರೆ. ಸಂಶೋಧಕರು ಎರಡು ದಶಕಗಳಿಂದ ಕಂಡುಕೊಂಡದ್ದು ಬೇರೆ. ಕೈಚಳಕ ಬಳಸುತ್ತ ಬಳಸುತ್ತ ಬರುತ್ತದೆ. ಸರಿಯಾಗಿ ಕೇಳುವ, ಓದಿ ತಿಳಿಯುವ, ಅನುಮಾನಿಸುವ ಶಕ್ತಿ ಯಾರಾದರೂ ಕಲಿಸದೆ ಬರುವುದು ಅಪರೂಪ. ಆ ಕಲಿಕೆಗೆ ಎರಡು ಆಸರೆ ಬೇಕು. ಮಗುವಿಗೆ ತಿಳಿಯುವ ಭಾಷೆಯಲ್ಲಿ ಓದಿನ ಹಿಡಿತ ಒಂದು, ಪಕ್ಕದಲ್ಲಿ ಕೂತು ಮಾತಾಡುವ ಹಿರಿಯರು ಇನ್ನೊಂದು. ಕಲಬುರಗಿ ಜಿಲ್ಲೆಯ ಪೂರ್ವದ ತಾಲ್ಲೂಕುಗಳಲ್ಲಿ, ಅದರಲ್ಲೂ ಕುಂಚಾವರಂ ಸುತ್ತಿನಲ್ಲಿ, ಈ ಎರಡೂ ಸುಲಭಕ್ಕೆ ದಕ್ಕುವುದಿಲ್ಲ. ಸಮಸ್ಯೆಯ ಬೇರು ಎಲ್ಲಿದೆ ಎನ್ನುವುದು ಇಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುವುದು ಅದಕ್ಕೇ.

ಸೀಮೆ ಮತ್ತು ಮಾತು

ಕುಂಚಾವರಂ ಚಿಂಚೋಳಿ ತಾಲ್ಲೂಕಿನ ಗಡಿಯೂರು. ಆಚೆ ತೆಲಂಗಾಣದ ಜಹೀರಾಬಾದ್, ತಾಂಡೂರು ಸೀಮೆ. ಸುತ್ತಲಿನ ಕಾಡು 2011ರಲ್ಲಿ ಘೋಷಿತವಾದ ಚಿಂಚೋಳಿ ವನ್ಯಜೀವಿಧಾಮದ ಭಾಗ. ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತ, ಗೊಟ್ಟಂಗೊಟ್ಟ ಇಲ್ಲಿನ ಹೆಸರಾದ ತಾಣಗಳು. ಕಾಡಿನ ನಡುವೆಯೂ ಅಂಚಿನಲ್ಲೂ ಲಂಬಾಣಿ ತಾಂಡಾಗಳಿವೆ. ಪಶ್ಚಿಮ, ದಕ್ಷಿಣಗಳಿಗೆ ಬಂದಂತೆ ಚಿತ್ರ ಬದಲಾಗುತ್ತದೆ: ಸೇಡಂ ಮತ್ತು ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಗಳು, ವಾಡಿಯಲ್ಲಿ ರೈಲು ಜಂಕ್ಷನ್, ಶಹಾಬಾದಿನಲ್ಲಿ ಹಾಸುಗಲ್ಲಿನ ಗಣಿಗಳು, ಚಿತ್ತಾಪುರದ ಕಡೆ ತೊಗರಿಯ ಹೊಲಗಳು. ರೈಲುಹಳಿ, ಕಾರ್ಖಾನೆ ಇರುವ ಪಟ್ಟಣದ ಮಗುವಿಗೆ ಸಿಗುವ ನೆಟ್‌ವರ್ಕ್ ಕಾಡಿನಂಚಿನ ತಾಂಡಾದ ಮಗುವಿಗೆ ಅದೇ ಬಗೆಯಲ್ಲಿ ಸಿಗುವುದಿಲ್ಲ.

ಇಲ್ಲಿನ ಮಗುವಿನ ಮಾತು ಒಂದೇ ಅಲ್ಲ. ತಾಂಡಾದ ಮನೆಯಲ್ಲಿ ಲಂಬಾಣಿಗರ ಗೋರ್‌ಬೋಲಿ, ಊರಿನ ಅಂಗಡಿಯಲ್ಲಿ ತೆಲುಗು, ಕೆಲವು ಓಣಿಗಳಲ್ಲಿ ದಖನಿ ಉರ್ದು, ಶಾಲೆಯಲ್ಲಿ ಪುಸ್ತಕದ ಕನ್ನಡ, ಮೊಬೈಲಿನಲ್ಲಿ ಹಿಂದಿ ಹಾಡು, ಇಂಗ್ಲಿಷ್ ಮೆನು. ದುಡಿಮೆಗೆಂದು ತಂದೆತಾಯಿ ಹೈದರಾಬಾದಿಗೋ ಮುಂಬಯಿ, ಪುಣೆಗೋ ಹೋಗುವ ಮನೆಗಳಲ್ಲಿ ಮಗು ಕೆಲವು ತಿಂಗಳು ಅಲ್ಲಿ, ಕೆಲವು ತಿಂಗಳು ಅಜ್ಜಿಯ ಬಳಿ ಇರುತ್ತದೆ. ಆಗ ಅಪ್ಪ ಅವ್ವನ ಮುಖ ಕಾಣುವುದೇ ವಿಡಿಯೊ ಕರೆಯಲ್ಲಿ. ಮಗುವಿನ ಪಾಲಿಗೆ ಅಂತರಜಾಲದ ಮೊದಲ ಅರ್ಥ ಅದು, ಮತ್ತು ಅದು ಸಣ್ಣ ಅರ್ಥವೇನೂ ಅಲ್ಲ. ಮಕ್ಕಳ ಬಳಕೆಯನ್ನು ಅಳೆಯುವ ಸಮೀಕ್ಷೆಗಳು ಇದನ್ನು ಬರಿಯ 'ಮನರಂಜನೆ, ಸಂಪರ್ಕ' ಎಂಬ ಕಲಮಿಗೆ ಹಾಕಿ ಮುಂದೆ ಸಾಗುವುದು ಅನ್ಯಾಯ.

2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇ 64.85 ಇತ್ತು, ರಾಜ್ಯದ್ದು ಶೇ 75.36. ಅಂದಿನ ಯುವಜನರೇ ಇಂದಿನ ಶಾಲಾಮಕ್ಕಳ ತಂದೆತಾಯಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಅಂತರಜಾಲ ಬಳಸಿದ್ದ ಹೆಂಗಸರು ಶೇ 33, ಗಂಡಸರು ಶೇ 57. ಮನೆಯಲ್ಲಿ ಮಗುವಿನ ಜೊತೆ ಹೆಚ್ಚು ಹೊತ್ತು ಇರುವವಳು ತಾಯಿ. ಫೋನು ಹೆಚ್ಚು ಹೊತ್ತು ಇರುವುದು ತಂದೆಯ ಜೇಬಿನಲ್ಲಿ. ಈ ಅಂತರ ಮುಂದೆ ಹೇಳುವ ಎಲ್ಲದರ ಮೇಲೂ ನೆರಳು ಚಾಚುತ್ತದೆ.

ತಾನಾಗಿ ಬರುತ್ತದೆ ಎಂಬ ನಂಬಿಕೆ

ಅಮೆರಿಕದ ಮಾರ್ಕ್ ಪ್ರೆನ್‌ಸ್ಕಿ 2001ರಲ್ಲಿ ಹೊಸ ತಲೆಮಾರಿನವರನ್ನು 'ಡಿಜಿಟಲ್ ನೇಟಿವ್', ಎಂದರೆ ಡಿಜಿಟಲ್ ನಾಡಿನಲ್ಲೇ ಹುಟ್ಟಿದವರು ಎಂದು ಕರೆದ. ಆ ಮಾತು ಬೇಗ ಹಬ್ಬಿತು. ಅದಕ್ಕೂ ಮೊದಲು, 1999ರ ಜನವರಿ 26ರಂದು, ಸುಗತ ಮಿತ್ರ ದೆಹಲಿಯ ಕಾಲ್ಕಾಜಿಯ ಗೋಡೆಯೊಂದರಲ್ಲಿ ಕಂಪ್ಯೂಟರ್ ಕೂರಿಸಿ ಕೊಳೆಗೇರಿಯ ಮಕ್ಕಳಿಗೆ ಬಿಟ್ಟುಕೊಟ್ಟಿದ್ದರು. ಯಾರೂ ಹೇಳಿಕೊಡದೆ ಮಕ್ಕಳು ಅದನ್ನು ನಡೆಸಲು ಕಲಿತರು, ಒಬ್ಬರಿಗೊಬ್ಬರು ಕಲಿಸಿದರು. 'ಗೋಡೆಯೊಳಗಿನ ಕಂಡಿ' ಎಂದು ಜಗತ್ತು ಕೊಂಡಾಡಿದ ಈ ಪ್ರಯೋಗ ದೇಶದ ಬೇರೆ ಊರುಗಳಿಗೂ ಹಬ್ಬಿತು. ಬಡ ಮಕ್ಕಳ ಬುದ್ಧಿಯ ಮೇಲೆ ಮಿತ್ರ ಇಟ್ಟ ವಿಶ್ವಾಸ ದೊಡ್ಡದು. ಅದಕ್ಕೆ ಅವರನ್ನು ಗೌರವಿಸಲೇಬೇಕು. ಆದರೆ ಉತ್ತರಾಖಂಡದ ಅಲ್ಮೋರಾದಲ್ಲಿ ಇಂಥ ಕಂಡಿಗಳ ಗತಿ ಏನಾಯಿತೆಂದು ನೋಡಿದ ಪಾಯಲ್ ಅರೋರಾ 2010ರಲ್ಲಿ ಬರೆದದ್ದು ಬೇರೆ ಕಥೆ. ಯಂತ್ರಗಳು ಉಳಿದಿರಲಿಲ್ಲ, ಊರಿನ ನೆನಪಿನಲ್ಲೂ ಹೆಚ್ಚೇನೂ ಉಳಿದಿರಲಿಲ್ಲ. ನಡೆಸಲು ಕಲಿಯುವುದಕ್ಕೂ ಅದರಿಂದ ಕಲಿಯುವುದಕ್ಕೂ ನಡುವಿನ ದಾರಿಯನ್ನು ಯಂತ್ರವೊಂದೇ ದಾಟಿಸಲಾರದು.

ಕರ್ನಾಟಕಕ್ಕೆ ಈ ಪಾಠ ಹೊಸದಾಗಿರಲಿಲ್ಲ. 2000ದ ದಶಕದ ಆರಂಭದಲ್ಲಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕೆಯನ್ನು ದೊಡ್ಡದಾಗಿ ನಡೆಸಿತು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಪಾಠದ ಸಿ.ಡಿ.ಗಳನ್ನು ಮಾಡಿಸಿತು. ಕೆಲವು ವರ್ಷಗಳ ಬಳಿಕ ಅದೇ ಸಂಸ್ಥೆ ಆ ಕೆಲಸವನ್ನು ಬಿಟ್ಟು ಶಿಕ್ಷಕರ ಜೊತೆಗಿನ ಕೆಲಸಕ್ಕೆ ತಿರುಗಿತು. ಶಿಕ್ಷಕ ಗಟ್ಟಿಯಾಗದೆ ಪರದೆ ಗಟ್ಟಿಯಾದರೆ ಕಲಿಕೆ ಮೇಲೇರುವುದಿಲ್ಲ ಎಂಬುದು ಅವರು ಅನುಭವದಿಂದ ಕಂಡ ಮಾತು.

ಸಂಶೋಧಕಿ ಎಸ್ತರ್ ಹರ್ಗಿಟೈ 2002ರಲ್ಲಿ ಈ ಅಂತರಕ್ಕೆ 'ಎರಡನೇ ಹಂತದ ಡಿಜಿಟಲ್ ಕಂದಕ' ಎಂದು ಹೆಸರಿಟ್ಟರು. ಸಾಧನ ಇರುವವರು, ಇಲ್ಲದವರು ಎಂಬುದು ಮೊದಲ ಕಂದಕ. ಸಾಧನ ಇದ್ದವರಲ್ಲೇ ಬಳಸಬಲ್ಲವರು, ಬಳಸಲಾರದವರು ಎಂಬುದು ಎರಡನೆಯದು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ನಮ್ಮ ಹಳ್ಳಿಗಳಲ್ಲಿ ಮೊದಲ ಕಂದಕ ಬೇಗ ಕಿರಿದಾಯಿತು. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಗಳ ಪ್ರಕಾರ ಗ್ರಾಮೀಣ ಭಾರತದ ಶಾಲಾಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದದ್ದು 2018ರಲ್ಲಿ ಶೇ 36.5, 2021ರ ಹೊತ್ತಿಗೆ ಶೇ 67.6. 14ರಿಂದ 16 ವರ್ಷದವರ ಬಗ್ಗೆ 2024ರ ಅಸರ್ ಕೇಳಿದಾಗ ಸುಮಾರು ಶೇ 90ರಷ್ಟು ಮಂದಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ ಎಂದರು. ಹಿಂದಿನ ವಾರದಲ್ಲಿ ಅದನ್ನು ಓದಿಗೆ ಸಂಬಂಧಪಟ್ಟ ಕೆಲಸಕ್ಕೆ ಬಳಸಿದ್ದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದ್ದವರು ಶೇ 76. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ: ಸರ್ಕಾರಿ ಶಾಲೆಗಳ 3ನೇ ತರಗತಿಯ ಮಕ್ಕಳಲ್ಲಿ 2ನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ 23.4. ಮಕ್ಕಳ ಅಂತರಜಾಲ ಬಳಕೆಯ ಬಗ್ಗೆ ಮಾತಾಡುವವರು ಮೊದಲು ನೋಡಬೇಕಾದ ಅಂಕಿ ಇದು. ಎಂಟು ವರ್ಷದ ಮಗು ನಾಲ್ಕು ಸಾಲು ಸರಾಗವಾಗಿ ಓದಲಾರದಿದ್ದರೆ ಅಂತರಜಾಲ ಅದಕ್ಕೆ ವಿಡಿಯೊಗಳ ಸಾಲಾಗಿ ಮಾತ್ರ ಉಳಿಯುತ್ತದೆ. ಯಾವ ವಿಡಿಯೊ ಮುಂದೆ ಬರಬೇಕೆಂದು ಮಗುವಿನ ಬದಲು ಯಂತ್ರವೇ ನಿರ್ಧರಿಸುತ್ತದೆ.

ಹುಡುಕುವ ವಿದ್ಯೆ

ಮಕ್ಕಳು ಹೇಗೆ ಹುಡುಕುತ್ತಾರೆಂದು ಹತ್ತಿರ ಕೂತು ನೋಡಿದವರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಲಿಸನ್ ಡ್ರೂಯಿನ್ ತಂಡ ಮುಖ್ಯ. 7, 9, 11 ವರ್ಷದ 83 ಮಕ್ಕಳನ್ನು ಅವರವರ ಮನೆಯಲ್ಲೇ ಗಮನಿಸಿ 2010ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ಎಳೆಯರು ಪೂರ್ತಿ ಪ್ರಶ್ನೆಯನ್ನೇ ಟೈಪ್ ಮಾಡುತ್ತಾರೆ. ಕಣ್ಣು ಕೀಲಿಮಣೆಯ ಮೇಲಿರುವುದರಿಂದ ಪರದೆಯಲ್ಲಿ ಮೂಡುವ ಸಲಹೆಗಳು ಕಾಣುವುದೇ ಇಲ್ಲ. ಕಾಗುಣಿತ ತಪ್ಪಿದರೆ ಅಲ್ಲಿಗೇ ನಿಲ್ಲುತ್ತಾರೆ. ಮೊದಲ ಒಂದೆರಡು ಉತ್ತರಗಳ ಕೆಳಗೆ ಇಳಿಯುವುದು ಕಡಿಮೆ. ಕೆಲವರು ಚಿತ್ರದಿಂದ ಚಿತ್ರಕ್ಕೆ ಹೋಗುತ್ತಾರೆ, ಕೆಲವರು ತಾವು ಬಲ್ಲ ಒಂದೇ ತಾಣಕ್ಕೆ ಮರಳಿ ಮರಳಿ ಹೋಗುತ್ತಾರೆ, ಕೆಲವರು ಬೇಸತ್ತು ಬಿಟ್ಟುಬಿಡುತ್ತಾರೆ. ಚೆನ್ನಾಗಿ ಹುಡುಕಬಲ್ಲವರು ಆ ಗುಂಪಿನಲ್ಲಿ ಬೆರಳೆಣಿಕೆಯಷ್ಟು. ಇವರೆಲ್ಲ ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ನಾಡಿನ ಮಕ್ಕಳು ಎಂಬುದನ್ನು ನೆನಪಿಡಬೇಕು.

ಕನ್ನಡದ ಮಗುವಿಗೆ ಇದರ ಮೇಲೆ ಇನ್ನಷ್ಟು ಹೊರೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಕನ್ನಡದ ಮೊದಲ ಉಪಲಬ್ಧ ಗ್ರಂಥ 'ಕವಿರಾಜಮಾರ್ಗ' ರೂಪುಗೊಂಡದ್ದು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಆ ಸೀಮೆಯ ಮಗು ತನ್ನ ಊರಿನ ಅರಸರ ಬಗ್ಗೆ ತಿಳಿಯಲು 'ರಾಷ್ಟ್ರಕೂಟ' ಎಂದು ಬರೆಯಬೇಕೆಂದರೆ ಕನ್ನಡ ಕೀಲಿಮಣೆಯಲ್ಲಿ ಹತ್ತು ಒತ್ತು ಬೇಕು: ರ, ದೀರ್ಘ, ಷ, ವಿರಾಮ, ಟ, ವಿರಾಮ, ರ, ಕ, ದೀರ್ಘ ಉಕಾರ, ಟ. ವಿರಾಮ ಎಂಬ ಚಿಹ್ನೆ ಕಾಗದದ ಮೇಲೆ ಬರೆಯುವಾಗ ಮಗುವಿಗೆ ಬೇಕಾಗುವುದೇ ಇಲ್ಲ. ಅಲ್ಲಿ ಒತ್ತಕ್ಷರವನ್ನು ನೇರ ಕೆಳಗೆ ಬರೆದರೆ ಆಯಿತು. ಪರದೆಯಲ್ಲಿ ಆ ಚಿಹ್ನೆಯನ್ನು ಮರೆತರೆ ಅರಸರು 'ರಾಷಟರಕೂಟ' ಆಗುತ್ತಾರೆ. ಒತ್ತಕ್ಷರದ ಟೈಪಿಂಗನ್ನು ಪ್ರಾಥಮಿಕ ಶಾಲೆಯಲ್ಲಿ ಎಲ್ಲಾದರೂ ಒಂದು ಪಾಠವಾಗಿ ಹೇಳಿಕೊಡುತ್ತಾರೆಯೇ ಎಂದು ಕೇಳಿದರೆ ಹೌದೆನ್ನುವ ಶಾಲೆ ಸಿಗುವುದು ಕಷ್ಟ. ಕೆ.ಪಿ. ರಾವ್ ರೂಪಿಸಿದ ತರ್ಕಬದ್ಧ ಕೀಲಿಮಣೆ, ಅದನ್ನು ಆಧರಿಸಿದ ಕನ್ನಡ ಗಣಕ ಪರಿಷತ್ತಿನ ನುಡಿ, ಹಾಗೆಯೇ ಶೇಷಾದ್ರಿವಾಸು ಅವರ ಬರಹ ತಂತ್ರಾಂಶಗಳು ಕನ್ನಡ ಟೈಪಿಂಗನ್ನು ಹಿರಿಯರಿಗೆ ಎಟುಕಿಸಿದವು. ಏಳೆಂಟು ವರ್ಷದವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಕೀಲಿಮಣೆ ಇನ್ನೂ ಮನೆಮಾತಾಗಿಲ್ಲ.

ವಿಭಕ್ತಿಯದು ಇನ್ನೊಂದು ತೊಡಕು. ಮಗು 'ಸನ್ನತಿಯಲ್ಲಿ ಯಾರ ಶಾಸನ ಸಿಕ್ಕಿತು' ಎಂದು ಕೇಳುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ, ಕನಗನಹಳ್ಳಿಗಳಲ್ಲಿ ಅಶೋಕನ ಶಾಸನ, ಬೌದ್ಧ ಸ್ತೂಪ, ಅಶೋಕನ ಹೆಸರು ಕೊರೆದ ಶಿಲಾಫಲಕ ದೊರೆತ ವಿಷಯ ಕನ್ನಡದಲ್ಲೂ ಬರೆಯಲ್ಪಟ್ಟಿದೆ. ಆದರೆ ಪದದ ಕೊನೆ ಬದಲಾದರೆ ಇಂಗ್ಲಿಷಿಗೆ ಒಗ್ಗಿದ ಹುಡುಕುಯಂತ್ರ ಕೆಲವೊಮ್ಮೆ ಬೇರೆ ಪುಟಗಳನ್ನು ತರುತ್ತದೆ. 'ಸನ್ನತಿ ಅಶೋಕ ಶಾಸನ' ಎಂದು ಬಿಡಿ ಪದಗಳಲ್ಲಿ ಕೇಳುವುದನ್ನು ಕಲಿಸಿದರೆ ಉತ್ತರ ಬೇಗ ಸಿಗುತ್ತದೆ. ಐದು ನಿಮಿಷದಲ್ಲಿ ಕಲಿಸಬಹುದಾದ ವಿದ್ಯೆ. ಮಗುವಿಗೆ ಅದು ವರ್ಷಗಟ್ಟಲೆ ನೆರವಾಗುತ್ತದೆ.

2017ರ ಆಗಸ್ಟಿನಲ್ಲಿ ಗೂಗಲ್ ಕನ್ನಡಕ್ಕೂ ಧ್ವನಿ ಟೈಪಿಂಗ್ ತಂದಾಗ ಓದುಬರಹ ಅಷ್ಟಾಗಿ ಬಾರದವರಿಗೂ ದಾರಿ ತೆರೆಯಿತು. ಸಣ್ಣ ಮಕ್ಕಳು ಇದನ್ನು ತಕ್ಷಣ ಹಿಡಿದರು. ಆದರೆ ಯಂತ್ರ ಚೆನ್ನಾಗಿ ಅರಿಯುವುದು ಪುಸ್ತಕದ ಕನ್ನಡಕ್ಕೆ ಹತ್ತಿರದ ಮಾತನ್ನು. 'ಮಳಿ ಯಾಕ ಬರ್ತದ' ಎಂದು ಚಿಂಚೋಳಿಯ ಮಗು ಕೇಳಿದರೆ ಯಂತ್ರ ತಡಕಾಡಬಹುದು. ಗೋರ್‌ಬೋಲಿಗೆ ಅಲ್ಲಿ ಜಾಗವೇ ಇಲ್ಲ. ಆ ಭಾಷೆಗೆ ತನ್ನದೇ ಲಿಪಿ ಇಲ್ಲ. ಕರ್ನಾಟಕದಲ್ಲಿ ಕನ್ನಡ ಲಿಪಿಯಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಯುತ್ತಾರೆ. ಮನೆಮಾತಿನಲ್ಲಿ ಹತ್ತು ಪ್ರಶ್ನೆ ಹುಟ್ಟುವ ಮಗು ಯಂತ್ರದ ಮುಂದೆ ಬರುವ ಹೊತ್ತಿಗೆ ಒಂದೋ ಎರಡೋ ಪ್ರಶ್ನೆಯನ್ನು ಶಾಲೆಯ ಭಾಷೆಗೆ ತಿರುಗಿಸಿಕೊಂಡಿರುತ್ತದೆ. ಉಳಿದವು ಕೇಳದೆ ಹೋಗುತ್ತವೆ. ಮಕ್ಕಳ ಅಂತರಜಾಲ ಸಾಮರ್ಥ್ಯದ ಯಾವ ಪರೀಕ್ಷೆಯೂ ಈ ನಷ್ಟವನ್ನು ಅಳೆಯುವುದಿಲ್ಲ.

ನಂಬುವುದು, ನಂಬದಿರುವುದು

ಅಮೆರಿಕದ ಕನೆಕ್ಟಿಕಟ್‌ನಲ್ಲಿ ಡೊನಾಲ್ಡ್ ಲ್ಯೂ ತಂಡ 7ನೇ ತರಗತಿಯ 25 ಚುರುಕಿನ ಓದುಗರಿಗೆ ಮರದ ಮೇಲೆ ವಾಸಿಸುವ ಆಕ್ಟೋಪಸ್ ಬಗೆಗಿನ ತಾಣವೊಂದನ್ನು ತೋರಿಸಿತು. ಅಂಥ ಜೀವಿಯೇ ಇಲ್ಲ. ತಾಣವನ್ನು ಯಾರೋ ತಮಾಷೆಗೆ ಕಟ್ಟಿದ್ದರು. ಎಲ್ಲರೂ ನಂಬಿದರು. 2018ರಲ್ಲಿ ನೆದರ್ಲೆಂಡ್ಸ್‌ನ 27 ಮಕ್ಕಳ ಮುಂದೆ ಅದೇ ತಾಣವನ್ನು ಇಟ್ಟಾಗ ಮೋಸವನ್ನು ಗುರುತಿಸಿದವರು ಇಬ್ಬರೇ. ಚೆನ್ನಾಗಿ ಓದಬಲ್ಲ ಮಗುವೂ ಅಂದವಾದ ಪುಟವನ್ನು ನಿಜವೆಂದೇ ತಿಳಿಯುತ್ತದೆ. ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ತಂಡ ಸೂಚಿಸಿದ ಪರಿಹಾರ ಸರಳವಾದದ್ದು: ಒಂದೇ ಪುಟವನ್ನು ಮೇಲಿಂದ ಕೆಳಗೆ ದಿಟ್ಟಿಸುವ ಬದಲು ಆ ಪುಟವನ್ನು ಬಿಟ್ಟು ಹೊರಬಂದು, ಬೇರೆಯವರು ಅದರ ಬಗ್ಗೆ ಏನನ್ನುತ್ತಾರೆಂದು ನೋಡುವುದು. ಸತ್ಯಶೋಧಕ ಪತ್ರಕರ್ತರು ಮಾಡುವುದೂ ಇದನ್ನೇ.

ಕುಂಚಾವರಂ ಮಕ್ಕಳಿಗೆ ಇದನ್ನು ಕಲಿಸಲು ಆಕ್ಟೋಪಸ್ ಬೇಕಿಲ್ಲ. ಅವರ ಕಾಡಿನ ಎತ್ತಿಪೋತ ಜಲಪಾತದ ಹೆಸರನ್ನೇ ಬಹುತೇಕ ಹೋಲುವ ಎತ್ತಿಪೋತಲ ಎಂಬ ಜಲಪಾತ ಆಂಧ್ರಪ್ರದೇಶದಲ್ಲಿದೆ, ನಾಗಾರ್ಜುನ ಸಾಗರದ ಹತ್ತಿರ, ಚಂದ್ರವಂಕ ಹೊಳೆಯ ಮೇಲೆ. ಅದು ದೊಡ್ಡದು, ಪ್ರಸಿದ್ಧವಾದದ್ದು. ಚಿತ್ರ, ವಿಡಿಯೊಗಳು ಅದರವೇ ಹೆಚ್ಚು. ಮಗು ತನ್ನೂರಿನ ಜಲಪಾತವನ್ನು ಹುಡುಕಿದರೆ ಬೇರೆ ರಾಜ್ಯದ ಜಲಪಾತ ಎದುರಾಗುವ ಸಂಭವ ಹೆಚ್ಚು. ಊರಿನ ಹೆಸರೂ ಹಾಗೆಯೇ: ಕೆಲವರು ಕುಂಚಾವರಂ ಎಂದು ಬರೆದರೆ ಕೆಲವರು ಕೊಂಚಾವರಂ ಎನ್ನುತ್ತಾರೆ, ಒಂದು ಬರವಣಿಗೆಯಲ್ಲಿ ಸಿಗುವ ಪುಟ ಇನ್ನೊಂದರಲ್ಲಿ ಸಿಗದು. ತಾನು ಕಣ್ಣಾರೆ ಕಂಡ ಬಂಡೆ, ನೀರು, ಮರಗಳೊಂದಿಗೆ ಪರದೆಯ ಚಿತ್ರವನ್ನು ಹೋಲಿಸಿ 'ಇದು ನಮ್ಮದಲ್ಲ' ಎಂದು ಹೇಳುವ ಮಗು ಅಂತರಜಾಲದ ಅತಿ ಮುಖ್ಯ ಪಾಠವನ್ನು ಕಲಿತಂತೆ. ಪರದೆ ತಪ್ಪಿರಬಹುದು, ನಾನು ಸರಿಯಿರಬಹುದು ಎಂಬ ಧೈರ್ಯ ಅಲ್ಲಿಂದ ಹುಟ್ಟುತ್ತದೆ. ಊರಿನ ಶಿಕ್ಷಕಿ ಒಂದು ಮಧ್ಯಾಹ್ನದಲ್ಲಿ ಮಾಡಿಸಬಹುದಾದ ಈ ಚಟುವಟಿಕೆಗೆ ಒಂದು ಫೋನು ಸಾಕು.

ಕೊರೊನಾ ವರ್ಷಗಳು

ದೇಶದ ಮೊದಲ ಕೊರೊನಾ ಸಾವು ಸಂಭವಿಸಿದ್ದು 2020ರ ಮಾರ್ಚಿನಲ್ಲಿ, ಕಲಬುರಗಿಯ ವೃದ್ಧರೊಬ್ಬರದು. ಆ ತಿಂಗಳು ಮುಚ್ಚಿದ ಶಾಲೆಗಳು 1ರಿಂದ 5ನೇ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷಕ್ಕೂ ಮೀರಿದ ಈ ಅವಧಿಯಲ್ಲಿ ಎಳೆಯ ಮಕ್ಕಳು ಮತ್ತು ಅಂತರಜಾಲದ ಸಂಬಂಧ ಕರ್ನಾಟಕದಲ್ಲಿ ಮೊದಲ ಬಾರಿಗೆ ಸಾರ್ವಜನಿಕ ಚರ್ಚೆಯ ವಿಷಯವಾಯಿತು. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಎಲ್‌ಕೆಜಿಯಿಂದ 5ನೇ ತರಗತಿವರೆಗೆ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು. ಪೋಷಕರು ನ್ಯಾಯಾಲಯಕ್ಕೆ ಹೋದರು. ಜುಲೈ 8ರಂದು ಹೈಕೋರ್ಟ್ ಆದೇಶಕ್ಕೆ ತಡೆ ನೀಡಿತು. ಎಂ.ಕೆ. ಶ್ರೀಧರ್ ನೇತೃತ್ವದ ತಜ್ಞರ ಸಮಿತಿ ವಯಸ್ಸಿಗೆ ತಕ್ಕ ಮಿತಿಗಳನ್ನು ಸೂಚಿಸಿತು. ಈ ಜಗ್ಗಾಟ ನಡೆದದ್ದು ಮುಖ್ಯವಾಗಿ ಬೆಂಗಳೂರಿನ ಖಾಸಗಿ ಶಾಲೆಗಳ ಸುತ್ತ. ತಾಂಡಾಗಳಲ್ಲಿ ನಿಷೇಧಿಸಲು ಅಂಥದ್ದೇನೂ ಇರಲಿಲ್ಲ.

ಹಳ್ಳಿಗಳಿಗೆ ತಲುಪಿದ್ದು ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮ. ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನು ಅಥವಾ ಟಿ.ವಿ. ಇರುವವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಗುಂಪು ಮಾಡಿ, ಶಿಕ್ಷಕರು ಅವರಿದ್ದಲ್ಲಿಗೆ ಹೋಗಿ ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಲ್ಲಿ ಕೂರಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಂತ ಅದು 2021ರ ಜನವರಿಯಲ್ಲಿ ಮತ್ತೆ ಮೊದಲಾಯಿತು. ಚಂದನ ವಾಹಿನಿಯ ಸಂವೇದ ಪಾಠಗಳು ಮೊದಲು ಹೈಸ್ಕೂಲಿನವರಿಗೆ ಬಂದವು. ವಿದ್ಯಾಗಮಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲ. ಮಗುವಿಗೆ ಯಾವ ಸಾಧನ ನಿಜವಾಗಿ ಕೈಗೆಟುಕುತ್ತದೆ ಎಂದು ಮೊದಲು ಕೇಳಿ, ಆಮೇಲೆ ಪಾಠ ಯೋಜಿಸಿದ ಕ್ರಮ ಅದು. ಆ ಪ್ರಶ್ನೆ ಎಷ್ಟು ಮುಖ್ಯವೆಂದು 2021ರ ಅಸರ್ ತೋರಿಸಿತು: ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದೂ ಅದು ಕೈಗೆ ಸಿಗದ ಮಕ್ಕಳು ಶೇ 26.1. ಸಿಗದವರಲ್ಲಿ ಚಿಕ್ಕ ತರಗತಿಯವರೇ ಹೆಚ್ಚು.

ರಾಜ್ಯದ ಇನ್ನೊಂದು ಗಡಿಯಾಚೆ, ಕೇರಳದ ಕಾಸರಗೋಡಿನ ಕನ್ನಡ ಮಕ್ಕಳ ಅನುಭವ ಬೇರೆಯಾಗಿತ್ತು. ಕೇರಳ ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನವನ್ನು ಒಂದು ವಿಷಯವಾಗಿ ಕಲಿಸಲು 2000ದ ದಶಕದ ಆರಂಭದಲ್ಲೇ ತೊಡಗಿತ್ತು. ಅದನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್. ಶಾಲೆಗಳ ಕಂಪ್ಯೂಟರುಗಳಲ್ಲಿರುವುದು ಸ್ವತಂತ್ರ ತಂತ್ರಾಂಶ. ಕನ್ನಡ ಮಾಧ್ಯಮದವರಿಗೆ ಈ ವಿಷಯದ ಪಠ್ಯ ಕನ್ನಡದಲ್ಲೇ ಸಿಗುತ್ತದೆ. 2020ರ ಜೂನ್ 1ರಂದು ಆರಂಭವಾದ ಫಸ್ಟ್ ಬೆಲ್ ಟಿ.ವಿ. ಪಾಠಗಳೂ ಕನ್ನಡದಲ್ಲಿ ಬಂದವು. ಕನ್ನಡಿಗರು ಅಲ್ಲಿ ಭಾಷಾ ಅಲ್ಪಸಂಖ್ಯಾತರು. ಶಿಕ್ಷಕರ ನೇಮಕಾತಿಯಿಂದ ಹಿಡಿದು ಅವರಿಗಿರುವ ಕೊರತೆಗಳು ಹಲವು. ಆದರೂ ಒಂದು ಮಾತನ್ನು ಒಪ್ಪಬೇಕು. ಕರ್ನಾಟಕದಲ್ಲಿ 2016–17ರ ತಂತ್ರಜ್ಞಾನ ಆಧಾರಿತ ಕಲಿಕಾ ಯೋಜನೆ ಮುಖ್ಯವಾಗಿ ಪ್ರೌಢಶಾಲೆಗಳನ್ನು ಹಿಡಿದುಕೊಂಡಿತು. ಅಂತರಜಾಲದ ಮೊದಲ ಅಭ್ಯಾಸಗಳು ಮೂಡುವ ಪ್ರಾಥಮಿಕ ವಯಸ್ಸು ಹೊರಗುಳಿಯಿತು. ಕಾಸರಗೋಡಿನ ಕನ್ನಡ ಪಠ್ಯವನ್ನು ಕಲಬುರಗಿಯವರು ತರಿಸಿ ಓದಬೇಕಾದ ಕಾರಣ ಇಲ್ಲಿದೆ.

ಕನ್ನಡದಲ್ಲಿ ಏನು ಸಿಗುತ್ತದೆ

ಹುಡುಕಲು ಬಂದರೂ ಸಿಗುವುದೇನು ಎಂಬ ಪ್ರಶ್ನೆ ಉಳಿಯುತ್ತದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳ ಸಂಖ್ಯೆ 30 ಸಾವಿರದ ಆಸುಪಾಸು. ಇಂಗ್ಲಿಷಿನದು 60 ಲಕ್ಷ ದಾಟಿದೆ. ಅವೂ ದೊಡ್ಡವರ ಕನ್ನಡದಲ್ಲಿವೆ. ಕರ್ನಾಟಕ ಜ್ಞಾನ ಆಯೋಗದ ಆಶ್ರಯದಲ್ಲಿ ಹುಟ್ಟಿದ ಕಣಜ ಅಂತರಜಾಲ ಜ್ಞಾನಕೋಶ ಒಳ್ಳೆಯ ಸಂಗ್ರಹ, ಆದರೆ ಒಂಬತ್ತು ವರ್ಷದ ಓದುಗನಿಗೆ ಅಲ್ಲಿ ಕಾಲೂರಲು ಜಾಗ ಕಡಿಮೆ. ಸಣ್ಣ ಮಕ್ಕಳಿಗೆ ನಿಜವಾಗಿ ಒದಗುವುದು ಬೆಂಗಳೂರಿನ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು ತೆರೆದ ಸ್ಟೋರಿವೀವರ್. ಸಚಿತ್ರ ಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಣೆಯಾಗಿವೆ; ಮುಕ್ತ ಪರವಾನಗಿ ಇರುವುದರಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಬೇರೆ ಭಾಷೆಗೆ ತರಬಹುದು. ತಾಂಡಾದ ಶಿಕ್ಷಕರೊಬ್ಬರು ಮನಸ್ಸು ಮಾಡಿದರೆ ಕನ್ನಡ ಕಥೆಯೊಂದನ್ನು ಕನ್ನಡ ಲಿಪಿಯಲ್ಲೇ ಗೋರ್‌ಬೋಲಿಗೆ ತಂದು ಮಕ್ಕಳ ಕೈಗಿಡಲು ಕಾನೂನಿನ ಅಡ್ಡಿಯಿಲ್ಲ. ಅಕ್ಷರ ಫೌಂಡೇಶನ್‌ನ ಬಿಲ್ಡಿಂಗ್ ಬ್ಲಾಕ್ಸ್ ಗಣಿತದ ಆ್ಯಪ್ ಕನ್ನಡದಲ್ಲಿದೆ, ಉಚಿತವಾಗಿದೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಕಾಡಂಚಿನ ಊರಿಗೆ ಇಂಥದ್ದು ಹೊಂದುತ್ತದೆ. 2017ರಲ್ಲಿ ಬಂದ ದೀಕ್ಷಾ ತಾಣಕ್ಕೆ ಪಠ್ಯಪುಸ್ತಕಗಳ ಕ್ಯೂಆರ್ ಚೌಕಗಳು ಕರೆದೊಯ್ಯುತ್ತವೆ. ಹುಡುಕುವ ಕಷ್ಟವನ್ನೇ ತಪ್ಪಿಸುವುದರಿಂದ ಅದು ಅನುಕೂಲ, ಹುಡುಕುವ ವಿದ್ಯೆಯನ್ನು ಕಲಿಸದಿರುವುದರಿಂದ ಅದೇ ಅದರ ಮಿತಿ.

ಎಲ್ಲಕ್ಕೂ ಸ್ಮಾರ್ಟ್‌ಫೋನ್ ಬೇಕೆಂದೂ ಇಲ್ಲ. ರಾಜ್ಯದ ಶಿಕ್ಷಣ ಇಲಾಖೆಯ ಗಣಿತ ಗಣಕ ಕಾರ್ಯಕ್ರಮದಲ್ಲಿ ಶಿಕ್ಷಕರು 3ರಿಂದ 5ನೇ ತರಗತಿಯ ಮಕ್ಕಳಿಗೆ ಸಾದಾ ಫೋನಿನಲ್ಲಿ ಕರೆ ಮಾಡಿ ಲೆಕ್ಕ ಹೇಳಿಕೊಡುತ್ತಾರೆ. ಒಬ್ಬ ಶಿಕ್ಷಕರ ದನಿ, ಒಂದು ಮಗುವಿನ ಕಿವಿ, ನಡುವೆ ಒಂದು ಸಾದಾ ಕರೆ.

ಅರಿವು ಕೇಂದ್ರ

2019ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಅಭಿಯಾನದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಬಳಿಕ ಇವೇ ಅರಿವು ಕೇಂದ್ರಗಳಾದವು. ಹಲವೆಡೆ ಕಂಪ್ಯೂಟರ್, ಅಂತರಜಾಲ ಬಂದಿವೆ. ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆ 2011ರಲ್ಲಿ ಮಂಜೂರಾಗಿ 2015ರಿಂದ ಭಾರತ್‌ನೆಟ್ ಎಂಬ ಹೆಸರಿನಲ್ಲಿ ನಡೆದಿದೆ.

ಕಿರಿಯ ಮಕ್ಕಳ ಅಂತರಜಾಲ ಕಲಿಕೆಗೆ ಮನೆಯ ಮೂಲೆಗಿಂತ, ಶಾಲೆಯ ಬೀಗ ಹಾಕಿದ ಕಂಪ್ಯೂಟರ್ ಕೊಠಡಿಗಿಂತ ಈ ಜಾಗ ಉತ್ತಮವೆಂಬುದು ನನ್ನ ದೃಢ ಅಭಿಪ್ರಾಯ. ಪರದೆ ಎಲ್ಲರಿಗೂ ಕಾಣುತ್ತದೆ. ಪಕ್ಕದ ಕಪಾಟಿನಲ್ಲಿ ಪುಸ್ತಕವಿದೆ, ಪರದೆ ಹೇಳಿದ್ದನ್ನು ಅದರಲ್ಲಿ ನೋಡಬಹುದು. ಇಬ್ಬರು ಮೂವರು ಮಕ್ಕಳು ಒಂದೇ ಯಂತ್ರದ ಮುಂದೆ ಕೂತು ವಾದಿಸಬಹುದು. ಸುಗತ ಮಿತ್ರರ ಪ್ರಯೋಗದಲ್ಲಿ ನಿಜವಾಗಿ ಕೆಲಸ ಮಾಡಿದ್ದೂ ಆ ಗುಂಪೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ರಾಜ್ಯದ ತುಂಬ ಹಬ್ಬಿದ ನಲಿ-ಕಲಿಯಲ್ಲಿ ಮಕ್ಕಳಿಗೆ ಈಗಾಗಲೇ ಗುಂಪಿನಲ್ಲಿ ಕಲಿಯುವ ರೂಢಿ ಇದೆ. ಮನೆಯಲ್ಲಿ ಫೋನು ಕೈಗೆ ಸಿಗದ ಹುಡುಗಿ ಇಲ್ಲಿ ಹಕ್ಕಿನಿಂದ ಕೂರಬಹುದು. ಇದಕ್ಕೆ ಬೇಕಾದ್ದು ಸಂಜೆ ತೆರೆದಿರುವ ಬಾಗಿಲು, ಮತ್ತು ಮಕ್ಕಳ ಜೊತೆ ಮಾತಾಡುವುದು ತನ್ನ ಕೆಲಸವೆಂದು ತಿಳಿದ, ಅದಕ್ಕೆ ತಕ್ಕ ತರಬೇತಿ, ಸಂಬಳ ಪಡೆದ ಮೇಲ್ವಿಚಾರಕರು.

ಆರೋಗ್ಯ, ರಕ್ಷಣೆ, ಕಾನೂನು

ವಿಶ್ವ ಆರೋಗ್ಯ ಸಂಸ್ಥೆಯ 2019ರ ಸೂಚನೆಯಂತೆ ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಅತಿಬಳಕೆಯಿಂದ ಬಳಲುವವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಶಟ್ ಕ್ಲಿನಿಕ್ ತೆರೆಯಿತು. ಲಂಡನ್ನಿನ ಸೋನಿಯಾ ಲಿವಿಂಗ್‌ಸ್ಟನ್ ಅವರ ದೀರ್ಘ ಅಧ್ಯಯನಗಳು ಇನ್ನೊಂದು ಮಾತನ್ನು ಸೇರಿಸುತ್ತವೆ: ಬಳಕೆ ಹೆಚ್ಚಿದಷ್ಟೂ ಅವಕಾಶ, ಅಪಾಯ ಎರಡೂ ಜೊತೆಯಾಗಿ ಹೆಚ್ಚುತ್ತವೆ, ಬರಿ ತಡೆಯುವುದರಿಂದ ಅಪಾಯದ ಜೊತೆಗೆ ಕಲಿಕೆಯೂ ಕಡಿಮೆಯಾಗುತ್ತದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2021ರ ತನ್ನ 25ನೇ ಸಾಮಾನ್ಯ ಟಿಪ್ಪಣಿಯಲ್ಲಿ ಮಕ್ಕಳ ಹಕ್ಕುಗಳೆಲ್ಲ ಡಿಜಿಟಲ್ ಪರಿಸರದಲ್ಲೂ ಅನ್ವಯಿಸುತ್ತವೆಂದು ಸ್ಪಷ್ಟಪಡಿಸಿತು. ಆಸ್ಟ್ರೇಲಿಯಾ ಬೇರೆ ದಾರಿ ಹಿಡಿದು 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಗಳನ್ನು ನಿಷೇಧಿಸಿದೆ.

ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ ಸಾರಿದ 2017ರ ಆಗಸ್ಟ್ 24ರ ತೀರ್ಪು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಬಂದದ್ದು. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಗು ಎಂದು ಪರಿಗಣಿಸಿ, ಪೋಷಕರ ಖಚಿತ ಒಪ್ಪಿಗೆಯನ್ನು ಕಡ್ಡಾಯ ಮಾಡುತ್ತದೆ. ಮಕ್ಕಳ ಜಾಡು ಹಿಡಿಯುವುದನ್ನೂ ಅವರಿಗೆ ಗುರಿಯಿಟ್ಟ ಜಾಹೀರಾತನ್ನೂ ತಡೆಯುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಓದು ಬಾರದ ತಾಯಿ ಇಂಗ್ಲಿಷಿನ ಒಪ್ಪಿಗೆಪತ್ರಕ್ಕೆ 'ಸರಿ' ಒತ್ತಿದರೆ ಅದು ಎಂಥ ಒಪ್ಪಿಗೆ ಎಂಬುದಕ್ಕೆ ಕಾಯ್ದೆ ಇನ್ನೂ ಉತ್ತರ ಕಂಡುಕೊಳ್ಳಬೇಕು. ಮಕ್ಕಳಿಗೆ ತೊಂದರೆಯಾದರೆ ಕರೆಯಬೇಕಾದ ಸಂಖ್ಯೆ 1098, ಹಣದ ಸೈಬರ್ ಮೋಸಕ್ಕೆ 1930.

ಉತ್ತರಿಸುವ ಯಂತ್ರಗಳು

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮಗುವಿನ ಮುಂದೆ ಪುಟಗಳ ಪಟ್ಟಿಯ ಬದಲು ಒಂದೇ ಸಿದ್ಧ ಉತ್ತರ ಬಂದು ನಿಲ್ಲುತ್ತಿದೆ. ಹುಡುಕುವ ಶ್ರಮ ಕಡಿಮೆಯಾಯಿತು, ತೂಗಿ ನೋಡುವ ಅಗತ್ಯ ಹೆಚ್ಚಾಯಿತು. ಈ ಯಂತ್ರಗಳು ಗೊತ್ತಿಲ್ಲದ್ದನ್ನೂ ಗೊತ್ತಿರುವ ದನಿಯಲ್ಲೇ ಹೇಳಬಲ್ಲವು, ಮತ್ತು ಕುಂಚಾವರಂನಂಥ ಊರಿನ ಬಗ್ಗೆ ಅವಕ್ಕೆ ಓದಲು ಸಿಕ್ಕಿರುವುದು ತೀರ ಕಡಿಮೆ. ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಭಾಷಿಣಿ, ಮದ್ರಾಸ್ ಐಐಟಿಯ ಎಐ4ಭಾರತ್ ತಂಡಗಳು ಜನರ ದನಿಗಳನ್ನು ಸಂಗ್ರಹಿಸಿ ಮಾತು ಗುರುತಿಸುವ ತಂತ್ರಾಂಶ ಕಟ್ಟುತ್ತಿವೆ. ಕನ್ನಡ ಅವುಗಳಲ್ಲಿ ಸೇರಿದೆ. ಅಂಥ ಸಂಗ್ರಹಗಳಿಗೆ ಸೇಡಂ, ಚಿಂಚೋಳಿಯ ಕನ್ನಡವೂ ತಾಂಡಾಗಳ ಗೋರ್‌ಬೋಲಿಯೂ, ಅದರಲ್ಲೂ ಮಕ್ಕಳ ದನಿಯೂ, ಪೋಷಕರಿಗೆ ಅವರ ಮಾತಿನಲ್ಲೇ ವಿವರಿಸಿ ಪಡೆದ ಒಪ್ಪಿಗೆಯೊಂದಿಗೆ ಸೇರಬೇಕು. ಈ ಕೆಲಸವನ್ನು ಕಲಬುರಗಿಯ ವಿಶ್ವವಿದ್ಯಾಲಯಗಳೇ ಕೈಗೆತ್ತಿಕೊಳ್ಳಬಹುದು. ಮಾತಾಡುವವರು ಅವುಗಳ ಬಾಗಿಲಲ್ಲೇ ಇದ್ದಾರೆ.